ಗಾಡಿ ಯಾರ ಹೊಡೀತಿದ್ರು?

ಇದು ಅವರಿವರು ಹೇಳಿದ್ದಲ್ಲ. ನಮ್ಮ ಚಿಗವ್ವನ ಸೊಸಿ ವೈಶಾಲಿಗೆ ಆಗಿದ್ದು. ಬನಹಟ್ಟಿ ಹತ್ರ, ಹ್ವಾದ ವರ್ಷ...

ಆ ರಾತ್ರಿ ವೈಶಾಲಿ ಒಬ್ಬಾಕೀನ ಮನಿಗೆ ಹೊಂಟಿದ್ಲು. ತಮ್ಮ ಕಾರಿನ ಡ್ರೈವರ್ ಮುತ್ತಪ್ಪನ ಮನಿಗೆ ಹೋಗಿ, ಗಂಡ ಸಿದರಾಯ ಹೇಳಿಕಳಿಸಿದ ಮಾತು ಮುಟ್ಟಿಸಿ ಬರಾಕತ್ತಿದ್ಲು. ಮಾತು ಇಷ್ಟ... "ನಾಳೆ ಮುಂಜಾನೆ ಠಾಣೇಕ ಬಾ. ಕಾರ ನಾನ ಹೊಡೀತಿದ್ದೆ ಅಂತ ಹೇಳು."

ಮುತ್ತಪ್ಪ ತಲಿ ಬಗ್ಗಿಸಿ ಹೂಂ ಅಂದಿದ್ದ.

ಖರೆ ಅಂದ್ರ ಹೊಡೀತಿದ್ದಾಂವ ಅವಳ ಮಗ ಸಂಜು. ಇನ್ನೂ ಸಾಲಿ ಹುಡುಗ. ಕೀಲಿ ಕೊಟ್ಟಾಂವ ಅಪ್ಪ. ಮಗ ಸ್ಟೇರಿಂಗ್ ಹಿಡದದ್ದನ್ನ ವಿಡಿಯೋ ಮಾಡಿ ತವರಮನಿಗೆ ಕಳಿಸಿ ಹಿಗ್ಗಿದಾಕಿ ವೈಶಾಲಿ. ಹಿಂದಿನ ದಿನ ಸಂಜೀಮುಂದ, ಬಾವಿ ಮಗ್ಗಲ ಆಲದ ಮರದ ತಿರುವಿನ್ಯಾಗ, ನೇಕಾರ ಮಾಳಿಂಗರಾಯ ಮಗ್ಗದ ಮನಿ ಕೆಲಸ ಮುಗಿಸಿ, ಮೈಮ್ಯಾಲಿನ ಹತ್ತಿ ದೂಳಿನ ಸಮೇತ ಸೈಕಲ್ ಮ್ಯಾಲೆ ಮನಿಗೆ ಬರಾಕತ್ತಿದ್ದ. ಕಾರ ಹಾಯ್ತು... ಅಲ್ಲೇ ಜೀವ ಬಿಟ್ಟ.

ಈಗ ಅದ ಮರಾ ದಾಟಬೇಕು.

ಗಾಳಿ ಇಲ್ಲ. ಎಲಿ ಅಲುಗಂಗಿಲ್ಲ. ಹಿಂದ ಸಪ್ಪಳ... ಕಿರ್ರ್... ಕಿಟ್. ಕಿರ್ರ್... ಕಿಟ್. ಎಣ್ಣಿ ಕಾಣದ ಸೈಕಲ್ ಚೈನ್.

ವೈಶಾಲಿ ನಿಂತ್ಲು. ಅದೂ ನಿಂತಿತು.

"ಯವ್ವಾ..." ಪಿಸುಮಾತು. "ಗಾಡಿ ಯಾರ ಹೊಡೀತಿದ್ರು?"

"ಮು... ಮುತ್ತಪ್ಪ."

ಟಿಣ್. ಸೈಕಲ್ ಗಂಟಿ ಬಡೀತು. ಈ ಸಲ ಎಡಕ್ಕ, ಬಾವಿ ಕಟ್ಟಿ ಕಡೆ.

"ಯಾರ ಹೊಡೀತಿದ್ರು?"

"ಮುತ್ತಪ್ಪ ಅಂದೆನಲ್ಲ!"

ಟಿಣ್. ಈಗ ಎದುರಿಗೆ. ಕೈ ಚಾಚಿದ್ರ ಸಿಗೂವಷ್ಟ ಹತ್ರ... ಆದ್ರ ಕಣ್ಣಿಗೆ ಏನೂ ಇಲ್ಲ.

ಬ್ಯಾರೆಯವರಾಗಿದ್ರ ಓಡ್ತಿದ್ರು. ವೈಶಾಲಿ ಸೆರಗು ಸೊಂಟಕ್ಕ ಸಿಗಿಸಿದ್ಲು.

"ನನ್ನ ಮಗ ಹೊಡೀತಿದ್ದ! ಕೀಲಿ ಕೊಟ್ಟಾಂವ ಅವರಪ್ಪ. ನೋಡಿ ನಕ್ಕಾಕಿ ನಾನು. ಹುಡುಗನ ತಂಟೇಕ ಬರಬ್ಯಾಡ. ಏನ್ ಮಾಡ್ತಿ ನನಗ ಮಾಡು!"

ಆಮ್ಯಾಲೆ ಕಿವ್ಯಾಗ...

"ನನಗ ಹೇಳಿದ್ರ ಏನ್ ಬಂತು, ಯವ್ವಾ?"

ಕಿರ್ರ್... ಕಿಟ್. ಸಪ್ಪಳ ಬನಹಟ್ಟಿ ದಾರಿ ಹಿಡದು ಹೋತು.

ವೈಶಾಲಿ ಮನಿಗೆ ಹೋಗಲಿಲ್ಲ. ಅಲ್ಲಿಂದ್ಲೇ ತಿರುಗಿ ಮುತ್ತಪ್ಪನ ಬಾಗಲಾ ಬಡದ್ಲು. "ನಾಳೆ ನೀ ಬರಬ್ಯಾಡಪಾ. ಆ ಮಾತು ಮರತಬಿಡು." ಅಷ್ಟ ಹೇಳಿ ಮನಿಗೆ ಬಂದ್ಲು.

ಸುದ್ದಿ ಕೇಳಿ ಸಿದರಾಯ ಉರದಬಿದ್ದ. "ಹುಚ್ಚ ಹಿಡದೈತೇನ? ಕೀಲಿ ಕೊಟ್ಟಾಂವಗ ಜೇಲ್ ಆಕ್ಕೈತಿ ಅಂತಾರ ವಕೀಲ್ರು!"

"ಆಗ್ಲಿ. ಕೊಡುವಾಗ ಕೈ ನಡಗಲಿಲ್ಲ, ಈಗ್ಯಾಕ ನಡಗತಾವ?"

"ಮಗನ ಗತಿ ಏನ?"

"ನಮ್ಮ ಮಗಾ ಅಂದಮ್ಯಾಲೆ ನಾವು ಜೋಡಿ ನಿಂದ್ರೂದು. ಮುತ್ತಪ್ಪಗ ಮಕ್ಕಳಿಲ್ಲೇನ?"

ಸಂಜು ಬಾಗಲ ಹಿಂದ ನಿಂತು ಅಳಾಕತ್ತಿದ್ದ. ಮುಂಜಾನೆ ಅವ್ವನ ಕೈ ಹಿಡದು ತಾನ ಠಾಣೇಕ ಹೋದ.

ಆತು, ಊರೇ ಅಲ್ಲಾಡಿತು. ಸಿದರಾಯನ ಮ್ಯಾಲೆ ಕೇಸ್ ಬಿತ್ತು, ಸಣ್ಣ ಹುಡುಗಗ ಗಾಡಿ ಕೊಟ್ಟಿದ್ದಕ್ಕ. ಗಾಡಿ ರಿಜಿಸ್ಟ್ರೇಶನ್ ರದ್ದಾತು. ಸಂಜು ಬಾಲನ್ಯಾಯ ಮಂಡಳಿ ಮುಂದ ನಿಂತ. ಇಪ್ಪತ್ತೈದು ತುಂಬೂತನಕ ಅವಗ ಲೈಸೆನ್ಸ್ ಸಿಗಂಗಿಲ್ಲ. ಅತ್ತಿಮನಿಯವರು ವೈಶಾಲಿ ಜೋಡಿ ಮಾತ ಬಿಟ್ರು. "ಬಿಡ್ಲಿ, ಬಾಯಿಗಾದ್ರೂ ಆರಾಮ," ಅಂದ್ಲು ಅಕಿ.

ಜಮಖಂಡಿ ಕೋರ್ಟಿನ್ಯಾಗ ಸಾಕ್ಷಿ ಹೇಳೂ ದಿನಾ ನಾನೂ ಜೋಡಿ ಹೋಗಿದ್ದೆ. ಸಿದರಾಯನ ವಕೀಲ್ರು ಕೇಳಿದ್ರು, "ಗಂಡನ ಮ್ಯಾಲಿನ ಸಿಟ್ಟಿಗೆ ಹಿಂಗ ಹೇಳಾಕತ್ತೀರಿ, ಹೌದಲ್ರಿ?"

"ಸಿಟ್ಟು ಇದ್ರ ಮನ್ಯಾಗ ತೀರಿಸ್ಕೊಂತಿದ್ದೆರಿ ಸಾಹೇಬ್ರ. ಇಲ್ಲಿ ಖರೆ ಹೇಳಾಕ ಬಂದೀನಿ."

ಗಂಡನ ಮಾರಿ ನೋಡ್ಕೊಂತನ ಎಲ್ಲಾ ಹೇಳಿದ್ಲು. ಒಂದ ಮಾತೂ ನುಂಗಲಿಲ್ಲ.

ಹೊರಗ ಬಂದ್ವಿ. ಬಾಕಿನ ಮ್ಯಾಲೆ ಕುಂತಿದ್ದ ಗುರ್ತಿಲ್ಲದ ಹೆಣ್ಮಗಳೊಬ್ಬಾಕಿ ವೈಶಾಲೀನ ಕರದು, "ಅಕ್ಕಾರ, ಮಗ್ಗದ ಮನಿಯಿಂದ ಸೀದಾ ಬಂದೀರೇನ್ರಿ?" ಅಂದ್ಲು.

ಅಕೀನ ತಿರುಗಿಸಿ ನೋಡ್ದೆ. ವೈಶಾಲಿಯ ಬೆನ್ನ ತುಂಬಾ ಬೆಳ್ಳನ ಹತ್ತಿ ದೂಳು.

ಅಕಿ ಜೀವನದಾಗ ಮಗ್ಗದ ಮನಿ ಹೊಕ್ಕಾಕಿ ಅಲ್ಲ. ಒಗದಿಟ್ಟ ಸೀರಿ ಮುಂಜಾನೆ ಟ್ರಂಕಿನಿಂದ ನಾನ ತಗದು ಕೊಟ್ಟಿದ್ದೆ. ದೂಳು ಝಾಡಿಸಿದಾಕೀನೂ ನಾನ... ಈ ಕೈಯಿಂದ.