ನೆಲಸಂಪಿಗೆಯ ಮಡಿ ಚುಚ್ಚಿದ ಸಾವುಕಾರ

ತಾಯಂದಿರೇ, ಅಣ್ಣಂದಿರೇ, ಹಿಂದುಗಡೆ ಕಂಬಕ್ಕೆ ಒರಗಿ ನಿದ್ದೆಗೆ ಸಿದ್ಧರಾಗಿರುವ ಹಿರಿಯರೇ, ಇವತ್ತಿನ ವಿಷಯ ತಾಳ್ಮೆ. ತಾಳ್ಮೆ ಎಂದ ಕೂಡಲೇ ಎಲ್ಲರೂ ತಲೆ ಆಡಿಸುತ್ತೀರಿ. ತಾಳಿದವನು ಬಾಳಿಯಾನು ಎಂಬ ಗಾದೆ ನಿಮಗೂ ಗೊತ್ತು, ನನಗೂ ಗೊತ್ತು. ಗೊತ್ತಿದ್ದೂ ನಿನ್ನೆ ಪ್ರಸಾದದ ಸಾಲಿನಲ್ಲಿ ಏನಾಯಿತು ಎಂಬುದನ್ನು ನಾನಿಲ್ಲಿ ಎತ್ತುವುದಿಲ್ಲ. ಆದ್ದರಿಂದ ಉಪದೇಶ ಆಮೇಲೆ. ಮೊದಲು ಒಂದು ದೃಷ್ಟಾಂತ ಕೇಳಿ.

ಒಂದು ಪೇಟೆಯೂರು. ಅಲ್ಲೊಬ್ಬ ಸಿರಿವಂತ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವು ಕಥೆ ಬಿಟ್ಟು, ಅವನು ಯಾವ ಮನೆತನದವನು, ಯಾರಿಗೆ ಬೀಗನಾಗಬೇಕು ಎಂದು ಹುಡುಕುತ್ತ ಕೂಡುತ್ತೀರಿ. ಸಾವುಕಾರ ಎಂದರೆ ಸಾಕು. ಕಡಲೆ, ತೊಗರಿ, ಹೆಸರುಕಾಳುಗಳ ದೊಡ್ಡ ವ್ಯಾಪಾರ ಅವನದು. ಕಾಳಿನ ವ್ಯಾಪಾರಿಗಳ ಕೈಯಲ್ಲಿ ಒಂದು ಕಬ್ಬಿಣದ ಕೊಳವೆ ಇರುತ್ತದೆ, ನೋಡಿದ್ದೀರಲ್ಲ? ಗೇಣುದ್ದ, ತುದಿ ಚೂಪು, ಒಳಗೆ ಪೊಳ್ಳು. ಚೀಲದ ಹೊಟ್ಟೆಗೆ ಚುಚ್ಚಿದರೆ ಒಳಗಿನ ಕಾಳು ಹರಿದು ಅಂಗೈಗೆ ಬೀಳುತ್ತದೆ. ಮೇಲೆ ಮುತ್ತಿನಂಥ ಕಾಳು, ನಡುವೆ ಹುಳುಕು ತುಂಬಿ ತರುವವರೂ ಇದ್ದಾರೆ, ಏನು ಮಾಡುವುದು? ಚುಚ್ಚಿ ನೋಡಲೇಬೇಕು. ನೋಡಿದ ಮೇಲೆ ಗೋಣಿಯ ಎಳೆಗಳನ್ನು ಬೆರಳಿನಿಂದ ಒಮ್ಮೆ ಸವರಿದರೆ ತೂತು ಮುಚ್ಚಿಹೋಗುತ್ತದೆ. ಚೀಲಕ್ಕೂ ನಷ್ಟವಿಲ್ಲ, ಕಾಳಿಗೂ ನೋವಿಲ್ಲ.

ಸಾವುಕಾರ ಅದರಲ್ಲಿ ನಿಸ್ಸೀಮ. ತಮ್ಮನೇ ಚೀಲ ತಂದರೂ ಚುಚ್ಚುವವನೇ. "ಚುಚ್ಚಿ ನೋಡಿದ್ದಷ್ಟ ಖರೇ, ಉಳದದ್ದೆಲ್ಲಾ ಬಾಯಿಮಾತು" ಎನ್ನುತ್ತಿದ್ದ. ಅಂಗಡಿಗೆ ಈ ಮಾತು ಸರಿ. ಆದರೆ ನೋಡಿ, ಅವನು ಅಂಗಡಿಯ ಬಾಗಿಲು ಹಾಕಿದರೂ ಈ ಮಾತಿಗೆ ಬೀಗ ಹಾಕಲಿಲ್ಲ.

ಅವನಿಗೆ ಒಬ್ಬನೇ ಮಗ. ಆ ಮಗನಿಗೆ ಕುಡಿತ ಅಂಟಿತ್ತು. ಬಿಟ್ಟೆ ಎಂದು ತಂದೆಯ ಪಾದ ಮುಟ್ಟುತ್ತಿದ್ದ, ಮತ್ತೆ ಕುಡಿಯುತ್ತಿದ್ದ. ಲಿಂಗದ ಮೇಲೆ ಆಣೆ ಮಾಡುತ್ತಿದ್ದ, ಮತ್ತೆ ಕುಡಿಯುತ್ತಿದ್ದ. ಕೊನೆಗೆ ಮಗನ ಹೆಂಡತಿಯೇ ಗಟ್ಟಿ ಮನಸ್ಸು ಮಾಡಿ, ಕುಡಿತ ಬಿಡಿಸುವ ಆಸ್ಪತ್ರೆಗೆ ಕರೆದೊಯ್ದು ಸೇರಿಸಿದಳು. ದೀಪಾವಳಿ ಕಳೆದ ಮೇಲೆ ಮಗ ಮನೆಗೆ ಬಂದ. ಮೈ ಇಳಿದಿತ್ತು, ಮಾತು ಇಳಿದಿತ್ತು, ಕಣ್ಣು ಮಾತ್ರ ತಿಳಿಯಾಗಿತ್ತು. ಊರ ಹೊರಗಿನ ಗೋದಾಮಿನ ಕೆಲಸಕ್ಕೆ ಹೋಗತೊಡಗಿದ.

ತಂದೆಗೆ ಸಂತೋಷವಾಗಲಿಲ್ಲವೇ? ಆಯಿತು. ಆದರೆ ನಂಬಿಕೆ ಬರಲಿಲ್ಲ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಹಾಗಾಗಿ ಅವನು ಒಂದು ಪದ್ಧತಿ ಹಾಕಿದ. ದಿನಾ ದೀಪ ಹಚ್ಚುವ ಹೊತ್ತಿಗೆ ಮಗ ಗೋದಾಮಿನಿಂದ ಬರುತ್ತಾನೆ. ತಂದೆ ಕಟ್ಟೆಯ ಮೇಲೆ ಕೂತಿರುತ್ತಾನೆ.

"ಬಾ ಇಲ್ಲೆ. ಬಾಯಿ ತಗಿ. ಹಾ ಅನ್ನು."

ಮಗ ಬಗ್ಗಿ ಬಾಯಿ ತೆರೆಯುತ್ತಾನೆ. ತಂದೆ ಮೂಸುತ್ತಾನೆ. ಬೀದಿಯಲ್ಲಿ ಹೋಗುವವರು ನೋಡುತ್ತಾರೆ. ಒಳಗಿನಿಂದ ಮಗನ ಹೆಂಡತಿ ನೋಡುತ್ತಾಳೆ. "ಹ್ಞೂಂ, ನಡಿ ಒಳಗ" ಎಂದರೆ ಆ ದಿನದ ಪರೀಕ್ಷೆ ಮುಗಿಯಿತು. ನಾಳೆ? ನಾಳೆ ಮತ್ತೆ ಪರೀಕ್ಷೆ. ಇವತ್ತು ಪಾಸಾದದ್ದು ನಾಳೆಗೆ ಲೆಕ್ಕಕ್ಕಿಲ್ಲ.

ಈಗ ಹೂವಿನ ವಿಷಯಕ್ಕೆ ಬರುತ್ತೇನೆ. ಸೊಸೆ ತವರಿನಿಂದ ನೆಲಸಂಪಿಗೆಯ ಗೆಡ್ಡೆ ತಂದು, ಕಟ್ಟೆಯ ಪಕ್ಕ ದಾಸವಾಳದ ನೆರಳಿನಲ್ಲಿ ಒಂದು ಮಡಿ ಮಾಡಿ ಹಾಕಿದ್ದಳು. ಮಳೆಗಾಲದಲ್ಲಿ ಅದರ ಎಲೆ ನೋಡಬೇಕು ನೀವು! ಮೇಲೆ ಹಸಿರು ಪಟ್ಟೆ, ಕೆಳಗೆ ನೇರಳೆ ಬಣ್ಣ. ಸಾವುಕಾರನಿಗೆ ಅದರ ಮೇಲೆ ಬಲು ಪ್ರೀತಿ. ಚಳಿ ಬಿದ್ದಂತೆ ಎಲೆ ಹಳದಿಯಾಗಿ ಒಣಗಿ ಉದುರಿತು. ಮಗ ಮನೆಗೆ ಬಂದ ಕೆಲವೇ ದಿನಗಳಲ್ಲಿ ಮಡಿ ಬರೀ ಮಣ್ಣು. ಸಾವುಕಾರ ಪೇಚಾಡಿದ.

"ಹೋತಲ್ಲವಾ ನಿನ್ನ ಹೂವಿನ ಗಿಡ."

"ಹೋಗಿಲ್ಲರಿ ಮಾವಾರ, ಮಲ್ಕೊಂಡೈತಿ" ಎಂದಳು ಸೊಸೆ. "ಯುಗಾದಿ ಆದಮ್ಯಾಲ ಒಂದು ಅಡ್ಡಮಳಿ ಬಿತ್ತಂದ್ರ ಮಣ್ಣಾಗಿಂದ ಮೊದಲ ಹೂವ ಬರ್ತೈತಿ, ಎಲಿ ಆಮ್ಯಾಲ. ಅಲ್ಲೀತನಕಾ ಯಾರೂ ಮುಟ್ಟಬ್ಯಾಡ್ರಿ."

ಯುಗಾದಿ ಬಂತು. ಬೇವು ಬೆಲ್ಲ ತಿಂದದ್ದಾಯಿತು. ಮಡಿಯಲ್ಲಿ ಏನೂ ಇಲ್ಲ. ಸಾವುಕಾರ ಬೆಳಿಗ್ಗೆ ಹಲ್ಲುಜ್ಜುತ್ತ ಬಗ್ಗಿ ನೋಡುತ್ತಾನೆ, ಸಂಜೆ ಚಪ್ಪಲಿ ಬಿಡುವ ಮೊದಲೇ ಬಗ್ಗಿ ನೋಡುತ್ತಾನೆ. ಏನೂ ಇಲ್ಲ. ಮಲಗಿದೆಯೋ, ಕೊಳೆತಿದೆಯೋ? ಮಣ್ಣು ಬಾಯಿ ಬಿಟ್ಟು ಹೇಳುತ್ತದೆಯೇ? ಕಣ್ಣಿಗೆ ಕಾಣದ್ದನ್ನು ನಂಬು ಎಂದರೆ ಅವನಿಗೆ ಮೈಯೆಲ್ಲ ಮುಳ್ಳು. ನಗುತ್ತೀರಾ? ನಗಿ, ನಗಿ. ನಿಮ್ಮ ಸರದಿ ಇದೆ.

ಒಂದು ಸಂಜೆ ಸೊಸೆ ಗುಡಿಗೆ ಹೋಗಿದ್ದಳು. ಸಾವುಕಾರ ಜೇಬಿನಿಂದ ಅಂಗಡಿಯ ಕೊಳವೆ ತೆಗೆದ. ಆಚೀಚೆ ನೋಡಿ, ಮಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಚೀಲಕ್ಕೆ ಚುಚ್ಚಿದ ಹಾಗೆಯೇ ಚುಚ್ಚಿದ. ಮಣ್ಣು ಬಂತು. ಪಕ್ಕದಲ್ಲಿ ಚುಚ್ಚಿದ. ಮತ್ತೆ ಮಣ್ಣು. ಇನ್ನೊಂದು ಕಡೆ ಚುಚ್ಚಿದಾಗ ಕೈಗೆ ಏನೋ ಮೆತ್ತಗೆ ತಾಗಿತು. ಹೊರಗೆಳೆದು ಅಂಗೈಗೆ ಬಡಿದ. ಒಂದು ಮೊಗ್ಗು ಬಿತ್ತು. ಬಿಳಿ ಮೊಗ್ಗು, ತುದಿಯಲ್ಲಿ ತಿಳಿ ನೇರಳೆ. ಬುಡಕ್ಕೆ ಕತ್ತರಿಸಿಹೋಗಿತ್ತು. ಅರಳದಿದ್ದರೂ ಅದರ ಪರಿಮಳ ಅಂಗೈ ತುಂಬಿತು.

ಬದುಕಿತ್ತು! ಅಲ್ಲಿಯೇ, ಒಂದು ಬೆರಳಿನ ಆಳದಲ್ಲಿ, ಮೇಲೆ ಬರುತ್ತಲೇ ಇತ್ತು!

ಆಗ ಆ ಮುದುಕ ಏನು ಮಾಡಿದ ಗೊತ್ತೇ? ಮೊಗ್ಗನ್ನು ತೂತಿನೊಳಗೆ ಮತ್ತೆ ಇಟ್ಟು, ಗೋಣಿಯ ಎಳೆ ಸವರುವ ಹಾಗೆ ಮಣ್ಣನ್ನು ಬೆರಳಿನಿಂದ ಸವರಿದ. ಅಯ್ಯೋ, ಅದೇನು ಚೀಲವೇ? ಕೈಗೆ ಹತ್ತಿದ ರೂಢಿ. ಸವರುತ್ತ ಸವರುತ್ತ ಅವನಿಗೇ ತಿಳಿಯಿತು, ಇದು ಮುಚ್ಚುವ ತೂತಲ್ಲ ಎಂದು.

ಅಷ್ಟರಲ್ಲಿ ಮಗ ಬಂದ. ತಂದೆ ಗಡಬಡಿಸಿ ಎದ್ದು ಕಟ್ಟೆಯ ಮೇಲೆ ಕೂತ. ಕೈ ಮಣ್ಣಾಗಿದೆ, ಆದರೂ ಬಾಯಿಗೆ ರೂಢಿಯ ಮಾತೇ ಬಂತು.

"ಬಾಯಿ ತಗಿ."

ಮಗ ಬಾಯಿ ತೆರೆದ. ವಾಸನೆ ಇರಲಿಲ್ಲ. ತಂದೆ ನಡಿ ಎಂದ. ಮಗ ನಡೆಯಲಿಲ್ಲ.

"ಅಪ್ಪಾ, ಇವತ್ತ ಸೆರೆ ಅಂಗಡಿ ಬಾಗಲತನಕಾ ಹೋಗಿದ್ನಿ."

ಹೆಂಡದಂಗಡಿಯ ಹೆಸರು ಕೇಳಿದ್ದೇ ತಂದೆಯ ಮುಖ ಕಪ್ಪಿಟ್ಟಿತು. "ಗೊತ್ತಿತ್ತು ನನಗ. ಮತ್ತ ಆಸೆ ಹುಟ್ಟೇತಿ ನಿನಗ."

"ಆಸೆ ಅಲ್ಲರಿ. ಆಸೆ ಹುಟ್ಟಿದ್ರ ಹೆಂಗ ತಡ್ಕೊಬೇಕು ಅಂತ ದವಾಖಾನ್ಯಾಗ ಕಲಿಸ್ಯಾರ. ಇದಕ್ಕ ಏನೂ ಕಲಿಸಿಲ್ಲ." ಮಗ ಬೀದಿಯ ಕಡೆ ಕೈ ತೋರಿಸಿದ. "ದಿನಾ ಮಂದಿ ಮುಂದ ಬಾಯಿ ತಗಿಸ್ತೀರಿ. ಹೆಂಗೂ ಕುಡುಕನ ಹಂಗ ಮೂಸಿಸ್ಕೊಳ್ಳೋದೈತಿ, ಕುಡದಾದ್ರೂ ಮೂಸಿಸ್ಕೊಳ್ಳೋಣು ಅನಿಸ್ತು. ಇವತ್ತ ಬಾಗಲದಾಗ ನಿಂತು ತಿರಗಿ ಬಂದೀನಿ. ನಾಳೆ ಬರ್ತೀನೋ ಇಲ್ಲೋ, ಆಣಿ ಮಾಡಿ ಹೇಳಾಕ ಆಗೂದಿಲ್ಲ ನನಗ."

ಮಗ ಒಳಗೆ ಹೋದ. ಸಾವುಕಾರ ಕಟ್ಟೆಯ ಮೇಲೆ ಕೂತೇ ಇದ್ದ. ಬೆರಳಿನಲ್ಲಿ ಇನ್ನೂ ಮೊಗ್ಗಿನ ವಾಸನೆ. ತನ್ನ ಮಗ ಒಳಗಿನಿಂದ ಮೇಲೆ ಬರುತ್ತಲೇ ಇದ್ದ, ತಾನು ದಿನಾ ಸಂಜೆ ಕೊಳವೆ ಚುಚ್ಚಿ ಚುಚ್ಚಿ ಅವನನ್ನು ಆ ಅಂಗಡಿಯ ಬಾಗಿಲಿಗೆ ತಳ್ಳಿದೆ ಎಂದು ಅವನಿಗೆ ಅರಿವಾಯಿತು. ಅತ್ತ. ಹೌದು, ಪೇಟೆಯನ್ನೇ ನಡುಗಿಸಿದ ಸಾವುಕಾರ ಹೆಗಲ ಮೇಲಿನ ಟವೆಲ್ಲು ಬಾಯಿಗೆ ಒತ್ತಿಕೊಂಡು ಅತ್ತ. ಅತ್ತು ಮುಗಿಸಿ ಒಂದು ನಿರ್ಧಾರಕ್ಕೆ ಬಂದ. ಇನ್ನು ಮಡಿ ಚುಚ್ಚುವುದಿಲ್ಲ. ಇನ್ನು ಮಗನ ಬಾಯಿ ಮೂಸುವುದಿಲ್ಲ. ಏನೇ ಆಗಲಿ.

ಸುಲಭ ಅಂದುಕೊಂಡಿರಾ? ಸುಮ್ಮನೆ ಕೂಡುವುದು ತಾಳ್ಮೆ ಎಂದುಕೊಂಡವರು ಒಂದು ದಿನ ಅವನ ಕಟ್ಟೆಯ ಮೇಲೆ ಕೂತು ನೋಡಬೇಕಿತ್ತು. ಅವನು ಸುಮ್ಮನೆ ಕೂಡಲೂ ಇಲ್ಲ. ಮರುದಿನವೇ ಮುಳ್ಳುಕಂಟಿ ತಂದು ಮಡಿಯ ಸುತ್ತ ಬೇಲಿ ಹಾಕಿದ, ಕೋಳಿ ಕೆದರದಿರಲಿ ಎಂದು. ಮಗನ ಹಳೆಯ ಗೆಳೆಯರು ಗೋದಾಮಿನ ಕಡೆ ಸುಳಿದಾಗ ತಾನೇ ಎದುರು ಹೋಗಿ, "ಈ ಕಡೆ ಕಾಲು ಹಾಕಬ್ಯಾಡ್ರಿ, ಹಾಕಿದ್ರ ನನ್ನ ಜೋಡಿ ಮಾತು" ಎಂದ. ಕಾಯುವುದೆಂದರೆ ಕಾವಲು ಕೂಡ, ನೋಡಿ. ಕಾವಲು ಹೊರಗಿನವರ ಮೇಲೆ ಇರಬೇಕು. ಮೊಗ್ಗಿನ ಮೇಲಲ್ಲ.

ಬೇಲಿ ಹಾಕಿದ ಆ ದಿನ ಸಂಜೆಯಾಯಿತು. ಮಗ ಬಂದ. ಬಂದವನೇ ರೂಢಿಯಂತೆ ತಂದೆಯ ಮುಂದೆ ಬಗ್ಗಿ ಬಾಯಿ ತೆರೆದು ನಿಂತ! ತಂದೆಯ ಮೂಗು ತಾನಾಗಿಯೇ ಮುಂದಕ್ಕೆ ಹೋಗುತ್ತಿದೆ. ಎರಡೂ ಕೈಯಿಂದ ಕಟ್ಟೆಯ ಕಲ್ಲು ಬಿಗಿಯಾಗಿ ಹಿಡಿದುಕೊಂಡ.

"ಬಾಯಿ ಮುಚ್ಚೋ. ಕೈಕಾಲು ತೊಳ್ಕೊಂಡು ಬಾ, ಇಬ್ರೂ ಉಣ್ಣೂಣು. ನಿನ್ನ ಹೇಣ್ತಿ ಬಿಸಿ ರೊಟ್ಟಿ ಬಡ್ಯಾಕತ್ತ್ಯಾಳ."

ಮಗ ಬಾಯಿ ಮುಚ್ಚಲು ಮರೆತು ಹಾಗೆಯೇ ನಿಂತುಬಿಟ್ಟನಂತೆ.

ಬೇಸಿಗೆಯ ನಡುವೆ ಅಡ್ಡಮಳೆ ಬಿತ್ತು. ಬರೀ ಮಣ್ಣಿನಿಂದ ಹೂವು ಬಂದವು, ಕಾಂಡವಿಲ್ಲ, ಎಲೆಯಿಲ್ಲ, ನೆಲವೇ ಹೂ ಬಿಟ್ಟ ಹಾಗೆ. ಚುಚ್ಚಿದ ಕಡೆ ಮಾತ್ರ ಬರಲಿಲ್ಲ. ಬಂತು ಎಂದು ಹೇಳಿ ನಿಮ್ಮನ್ನು ಖುಷಿಪಡಿಸಬಹುದಿತ್ತು, ಆದರೆ ಗದ್ದುಗೆಯ ಮುಂದೆ ಕೂತು ಸುಳ್ಳು ಹೇಳಬಾರದು. ಮಗನದ್ದೂ ಅಷ್ಟೇ. ಕಾರಹುಣ್ಣಿಮೆಯ ದಿನ ಅವನು ಕಾಲು ಜಾರಿದ. ಕುಡಿದ. ಕುಡಿದು ಎಲ್ಲಿಗೆ ಹೋದ? ಗೋದಾಮಿನಲ್ಲಿ ಅಡಗಲಿಲ್ಲ, ಏಲಕ್ಕಿ ಅಗಿಯಲಿಲ್ಲ, ಸೀದಾ ಮನೆಗೆ ಬಂದ. ತಂದೆ ಏನೂ ಕೇಳುವ ಮೊದಲೇ ಕಟ್ಟೆಯ ಕೆಳಗೆ ನಿಂತು ಹೇಳಿದ.

"ಅಪ್ಪಾ, ಇವತ್ತ ತಪ್ಪಿದೆ. ನಾನಾಗೇ ಹೇಳಾಕ ಬಂದೀನಿ."

ಅಷ್ಟು ವರ್ಷಗಳಲ್ಲಿ ಆ ಮಗ ತಾನಾಗಿ ಬಾಯಿ ಬಿಟ್ಟು ಹೇಳಿದ ಮೊದಲ ಸತ್ಯ ಅದು. ಸಾವುಕಾರನಿಗೆ ಸಿಟ್ಟು ಬರಲಿಲ್ಲವೇ? ಬಂತು. ನುಂಗಿದ. ಕಟ್ಟೆಯಿಂದ ಇಳಿದು ಮಗನ ರಟ್ಟೆ ಹಿಡಿದ.

"ಬಿದ್ದೀ, ಏಳು. ನಾಳಿಂದ ಮತ್ತ ಗಟ್ಟ್ಯಾಗಿ ಹಿಡಿ. ನಾನೂ ಹಿಡೀತೀನಿ."

ಕಥೆ ಇಷ್ಟೇ. ಮೂಸುವ ಮನೆಯಲ್ಲಿ ಮಕ್ಕಳು ಮುಚ್ಚಿಡುತ್ತಾರೆ, ಕಾಯುವ ಮನೆಯಲ್ಲಿ ಬಂದು ಹೇಳುತ್ತಾರೆ. ಈಗ ನಿಮ್ಮ ಸರದಿ.

ನೀವೇನು ಕಾಳಿನ ವ್ಯಾಪಾರಿಗಳಲ್ಲ, ಸರಿ. ಆದರೆ ಕೊಳವೆ ಇಲ್ಲವೇ? ಸೊಸೆ ಬಂದು ವರ್ಷ ತುಂಬಿಲ್ಲ, ಎದುರಿಗೆ ಸಿಕ್ಕಾಗಲೆಲ್ಲ "ಏನಾರ ವಿಶೇಷ ಐತೇನವಾ?" ಎನ್ನುತ್ತೀರಲ್ಲ ತಾಯಿ, ಅದು ಕೊಳವೆಯಲ್ಲವೇ? ಒಮ್ಮೆ ನಪಾಸಾದ ಹುಡುಗಿ ಮತ್ತೆ ಪುಸ್ತಕ ಹಿಡಿದು ಕೂತರೆ, ಬಾಗಿಲ ಸಂದಿಯಿಂದ ಇಣುಕಿ "ಖರೇನ ಓದಾಕತ್ತೀಯೇನ?" ಎನ್ನುತ್ತೀರಲ್ಲ ಯಜಮಾನರೇ, ಅದು ಕೊಳವೆಯಲ್ಲವೇ? ಜಗಳ ಮರೆತು ಮಾತಿಗೆ ಬಂದ ತಮ್ಮನಿಗೆ "ಯಾಕ, ಏನರ ಬೇಕಾಗೈತೇನು?" ಎಂದಿರಲ್ಲ? ಚುಚ್ಚಿದಿರಿ. ಆಮೇಲೆ ನಕ್ಕು ಸವರಿದಿರಿ. ತೂತು ಮುಚ್ಚಿತೆಂದು ನಿಮ್ಮ ಎಣಿಕೆ.

ಮುಚ್ಚುವುದಿಲ್ಲ. ಮನುಷ್ಯ ಚೀಲವಲ್ಲ. ಬದಲಾಗಲು ಹೊರಟ ಮನುಷ್ಯ ಕೆಲವು ಕಾಲ ಬರೀ ಮಣ್ಣಿನ ಹಾಗೆಯೇ ಕಾಣುತ್ತಾನೆ. ಹೊರಗೆ ಏನೂ ತೋರುವುದಿಲ್ಲ. ಆ ಕಾಲದಲ್ಲಿಯೇ ಅವನಿಗೆ ನೀವು ಬೇಕು, ನಿಮ್ಮ ಪರೀಕ್ಷೆ ಬೇಡ.

ಆದ್ದರಿಂದ ಇವತ್ತು ಗಂಟೆ ಬಾರಿಸಿ ಮನೆಗೆ ಹೊರಟಾಗ ಒಬ್ಬರನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಒಬ್ಬರೇ ಸಾಕು. ಅವರು ಯಾರೆಂದು ನಿಮಗೆ ಈಗಾಗಲೇ ಗೊತ್ತು, ಅದಕ್ಕೇ ಕೆಲವರು ನನ್ನ ಮುಖ ನೋಡುವುದನ್ನು ಬಿಟ್ಟು ನೆಲ ನೋಡುತ್ತಿದ್ದೀರಿ. ಅವರಿಗೆ ನೀವು ದಿನಾ ಕೇಳುವ ಆ ಒಂದು ಪ್ರಶ್ನೆ ಇದೆಯಲ್ಲ, ಅದನ್ನು ಇವತ್ತು ಕೇಳಬೇಡಿ. ನಾಳೆಯೂ ಕೇಳಬೇಡಿ. ನಾಲಿಗೆ ತುರಿಸುತ್ತದೆ, ಕಚ್ಚಿ ಹಿಡಿಯಿರಿ. ಅವರನ್ನು ಕೆಡಿಸುವವರು ಬಂದರೆ ಬಾಗಿಲಲ್ಲಿ ಅಡ್ಡ ನಿಲ್ಲಿ. ಅವರು ಜಾರಿ ಬಿದ್ದರೆ ರಟ್ಟೆ ಹಿಡಿದು ಎಬ್ಬಿಸಿ. ಮತ್ತು ಅವರು ತಾವಾಗಿ ಏನಾದರೂ ಹೇಳಲು ಬಂದ ದಿನ, ಕೈಯಲ್ಲಿ ಯಾವ ಕೆಲಸವಿದ್ದರೂ ಕೆಳಗಿಟ್ಟು, ಪೂರ್ತಿ ಕೇಳಿಸಿಕೊಳ್ಳಿ.

ಏಳಿ. ನಿಮ್ಮ ಮನೆಯಲ್ಲಿ ಯಾರೋ ಮೇಲೆ ಬರುತ್ತಿದ್ದಾರೆ.