ಇನ್ನೊಂದು ಸಲ ನೋಡಿ

ಇದು ಯಾರೋ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ ನನ್ನ ಕಿವಿಗೆ ಬಿದ್ದದ್ದಲ್ಲ. ನಮ್ಮ ಭಾವನಿಗೇ ಆದದ್ದು. ನನ್ನ ಸ್ವಂತ ಅಕ್ಕನ ಗಂಡ. ಆ ಬಾವಿಯ ಪಕ್ಕದಲ್ಲಿ ನಾನು ನೂರು ಸಲ ಓಡಾಡಿದ್ದೀನಿ, ಆ ಗೇಟನ್ನ ಈ ಕೈಯಲ್ಲೇ ತಳ್ಳಿದ್ದೀನಿ. ಹಾಗಾಗಿ ನಡುವೆ ಯಾರೂ ನಗಬೇಡಿ.

ರಾತ್ರಿ ಹತ್ತೂವರೆ ಆಗಿತ್ತು. ಭಾವ ಆಫೀಸಿಂದ ಮನೆಗೆ ನಡೆದು ಬರ್ತಿದ್ರು. ನಡೆದು ಅಂದರೆ ನಡಿಗೆಯಲ್ಲ, ಅರ್ಧ ಓಟ. ಸ್ವಲ್ಪ ಹೊತ್ತಿಗೆ ಮುಂಚೆ ಅಕ್ಕ ಆಫೀಸಿಗೆ ಫೋನ್ ಮಾಡಿದ್ದಳು.

"ಅಮ್ಮನಿಗೆ ಉಸಿರು ಮೇಲೆ ಮೇಲೆ ಬರ್ತಿದೆ. ಡಾಕ್ಟರು ಬಂದು ನೋಡಿಹೋದ್ರು. ಬೆಳಗಾಗೋದು ಕಷ್ಟ ಅಂದ್ರು. ನಿಮ್ಮತ್ರ ಏನೋ ಹೇಳ್ಬೇಕಂತೆ... ನಿಮಗೆ ಮಾತ್ರ. ಬೇಗ ಬನ್ನಿ."

ಅಮ್ಮ ಅಂದರೆ ಭಾವನ ತಾಯಿ. ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು.

ಅವರ ಗಲ್ಲಿ ಶುರುವಾಗೋ ಮೂಲೆಯಲ್ಲಿ ಒಂದು ಹಾಳು ಬಾವಿ. ನೀರು ಬತ್ತಿ ಯಾವ ಕಾಲವಾಯ್ತೋ. ಮಕ್ಕಳು ಬಿದ್ದಾರು ಅಂತ ಮೇಲೆ ಕಬ್ಬಿಣದ ಹಲಗೆ ಹಾಕಿ ಬಿಗಿದಿದ್ರು. ಭಾವ ಅದನ್ನ ದಾಟಬೇಕು... ಆಗ ಆ ಹಲಗೆಯ ಕೆಳಗಿಂದ ಫೋನು ಬಡಕೊಳ್ಳೋಕೆ ಶುರುವಾಯ್ತು.

ಟ್ರಿಣ್ ಟ್ರಿಣ್... ಟ್ರಿಣ್ ಟ್ರಿಣ್...

ದೂರದಿಂದ ಬಂದ ಸದ್ದಲ್ಲ. ಹಲಗೆ ಸಣ್ಣಗೆ ಗುಂಯ್ ಅಂತ ನಡುಗುತ್ತಿತ್ತು. ಬಾವಿಕಟ್ಟೆಯ ಮೇಲೆ ಏನೋ ಮಿಣುಕಿತು. ಹೆಂಗಸರು ತಲೆಗೆ ಸಿಕ್ಕಿಸ್ತಾರಲ್ಲ, ಆ ಪಿನ್ನು. ಸ್ವಲ್ಪ ಸೊಟ್ಟಗಿತ್ತು. ಭಾವ ಅದನ್ನ ನೋಡಿದ್ರು. ಎತ್ತಿಕೊಳ್ಳಲಿಲ್ಲ. ತಾಯಿ ಕೊನೆಯುಸಿರು ಎಳೀತಿರೋವಾಗ ದಾರಿಯ ಪಿನ್ನು ಯಾರಿಗೆ ಬೇಕು?

ಆದರೆ ಅವರ ಬೆನ್ನು ತಣ್ಣಗಾಯ್ತು. ಯಾಕೆ ಅಂತ ಹೇಳ್ತೀನಿ.

ಭಾವನ ಆಫೀಸು ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆ. ನಾಲ್ಕು ಜನ, ಮೂರು ಕಂಪ್ಯೂಟರು. ಫ್ಲಾಪಿಯಲ್ಲಿ ಬರ್ತಿದ್ದ ಆಟಗಳನ್ನ ಮಾಡ್ತಿದ್ರು. ಗುಂಡು ಹಾರಿಸೋ ಆಟ ಅಲ್ಲ. ಒಂದು ಹಳೇ ಬಂಗಲೆಗೆ ಹೋಗ್ತೀರಿ, ಸಿಕ್ಕಿದ ಸಾಮಾನು ಎತ್ಕೊಳ್ತೀರಿ, ಯಾವುದನ್ನ ಎಲ್ಲಿ ಬಳಸಬೇಕು ಅಂತ ತಲೆ ಕೆರ್ಕೊಳ್ತೀರಿ, ಒಂದೊಂದೇ ಬಾಗಿಲು ತೆಗೀತೀರಿ... ಅಂಥ ಆಟ. ಅದರಲ್ಲಿ ತೊಡಕು ಹೆಣೆಯೋ ಕೆಲಸ ಭಾವನದು. ಆಫೀಸಲ್ಲಿ ಎಲ್ಲರೂ ಅವರನ್ನ ಬೀಗರು ಅಂತಿದ್ರು. ಸಂಬಂಧದ ಬೀಗರಲ್ಲ, ಬಾಗಿಲಿನ ಬೀಗ. ಆ ಹೆಸರಿಗೆ ಭಾವ ಬೀಗ್ತಾನೂ ಇದ್ರು ಅನ್ನಿ.

ಬಂಗಲೆಯ ಕೊನೆಯ ಬಾಗಿಲು ಮಹಡಿಯ ಮೇಲಿತ್ತು. ಅದನ್ನ ತೆಗೆಯೋ ದಾರಿ ಕೇಳಿದರೆ ನಿಮಗೆ ಸಿಟ್ಟು ಬರುತ್ತೆ. ಆಟದ ಮೊದಲನೇ ಚಿತ್ರದಲ್ಲಿ ಒಂದು ಬಾವಿ. ಅದರ ಕಟ್ಟೆಯ ಮೇಲೆ ಒಂದು ತಲೆಪಿನ್ನು. ಪರದೆಯಲ್ಲಿ ಬರೀ ಮೂರು ಚುಕ್ಕಿ, ಅದೂ ಕಲ್ಲಿನ ಬಣ್ಣದ್ದೇ. ಅದನ್ನ ಎತ್ಕೊಂಡು, ಅಡುಗೆಮನೆಯ ಬೆಲ್ಲದ ಪಾಕದಲ್ಲಿ ಅದ್ದಿ, ಬೀಗದ ತೂತಿಗೆ ತೂರಿಸಿದರೆ ಇರುವೆ ಸಾಲು ಬಂದು ಒಳಗಿನ ಕೀಲನ್ನ ಎತ್ತುತ್ತೆ. ಇರುವೆ. ಇದು ಯಾವ ದೇಶದ ನ್ಯಾಯ ಹೇಳಿ. ಪಿನ್ನು ಎತ್ಕೊಳ್ಳದೆ ಬಾವಿಯಾಚೆ ಬರೋ ಸೇತುವೆ ದಾಟಿದಿರೋ, ಸೇತುವೆ ಮುರಿದು ಬೀಳುತ್ತೆ. ವಾಪಸ್ ಹೋಗೋ ಹಾಗಿಲ್ಲ. ಆಟ ನಿಮಗೆ ಏನೂ ಹೇಳಲ್ಲ. ತಿಂಗಳುಗಟ್ಟಲೆ ಆಡ್ತಾನೇ ಇರಬಹುದು. ಯಾವ ಸಾಮಾನು ಹಚ್ಚಿದರೂ ಪರದೆಯ ಮೇಲೆ ಒಂದೇ ಸಾಲು ಬರುತ್ತೆ: ಅದು ಕೆಲಸಕ್ಕೆ ಬರಲ್ಲ.

ಜನ ಉಗಿದು ಕಾಗದ ಬರೆದರು. ಯಾರೋ ಒಬ್ಬ ಸಿಟ್ಟಲ್ಲಿ ಮುರಿದ ಕೀಬೋರ್ಡನ್ನೇ ಪಾರ್ಸೆಲ್ ಮಾಡಿದ್ದ. ಭಾವ ಅದನ್ನ ಗೋಡೆಗೆ ನೇತುಹಾಕಿದ್ರು, ಬಹುಮಾನ ಬಂದವರ ಹಾಗೆ.

ಆ ಆಟ ಆಡ್ತಿದ್ದವರಲ್ಲಿ ಒಬ್ಬರು ವಾಚು ರಿಪೇರಿಯವರು. ವಯಸ್ಸಾದವರು. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿ ಕುರ್ಚಿಯಲ್ಲೇ ಇದ್ದವರು. ದಿನಾ ಸಾಯಂಕಾಲ ಆರಕ್ಕೆ ಅವರ ಫೋನು. ಗಂಟಲು ಸರಿಮಾಡ್ಕೊಂಡು ಮೆತ್ತಗೆ ಮಾತಾಡೋರು. ಅವರ ಹಿಂದೆ ಹತ್ತಾರು ಗಡಿಯಾರ ಒಟ್ಟಿಗೆ ಓಡೋ ಸದ್ದು, ಮೊರದಲ್ಲಿ ಅಕ್ಕಿ ಆಡಿಸಿದ ಹಾಗೆ.

"ನಲವತ್ತು ವರ್ಷ ಗಡಿಯಾರ ಬಿಚ್ಚಿದ್ದೀನಿ ಸ್ವಾಮಿ. ಮನುಷ್ಯ ಮುಚ್ಚಿದ್ದನ್ನ ಮನುಷ್ಯ ತೆಗೀಬಹುದು ಅಂತ ನಂಬಿದೋನು. ಈ ಬಾಗಿಲು ಮಾತ್ರ ಆಗ್ತಿಲ್ಲ. ಒಂದು ದಾರಿ ತೋರ್ಸಿ."

"ಇನ್ನೊಂದು ಸಲ ನೋಡಿ," ಅನ್ನೋರು ಭಾವ.

"ಎಲ್ಲಾ ಬರ್ಕೊಂಡಿದ್ದೀನಿ. ದೀಪ ಇದೆ, ಹಗ್ಗ ಇದೆ, ಬೆಲ್ಲದ ಪಾಕ ಇದೆ..."

ಆ ಪಟ್ಟಿಯಲ್ಲಿ ಪಿನ್ನಿಲ್ಲ. ಭಾವನಿಗೆ ಎರಡನೇ ಫೋನಿನಲ್ಲೇ ಗೊತ್ತಾಗಿತ್ತು. ಇವರು ಆ ಬಾಗಿಲು ತೆಗೆಯೋದು ಈ ಜನ್ಮಕ್ಕಿಲ್ಲ. ಮೊದಲಿಂದ ಆಡಿ, ಬಾವಿಕಟ್ಟೆ ನೋಡಿ... ಇಷ್ಟು ಹೇಳಿದ್ರೆ ಸಾಕಿತ್ತು. ಹೇಳಲಿಲ್ಲ. ಫೋನಿನ ಬಾಯಿ ಮುಚ್ಚಿ, ಪಕ್ಕದವರಿಗೆ ಕಣ್ಣು ಹೊಡೆದು, "ಇನ್ನೊಂದು ಸಲ ನೋಡಿ" ಅನ್ನೋರು. ಮೂರು ತಿಂಗಳು ಹೀಗೇ.

ಕೊನೆಕೊನೆಗೆ ಮುದುಕರು, "ನನಗೆ ಹೆಚ್ಚು ದಿನ ಇಲ್ಲ ಸ್ವಾಮಿ," ಅಂದಿದ್ರಂತೆ. ಅದಕ್ಕೂ ಅದೇ ಉತ್ತರ.

ಒಂದು ಸಾಯಂಕಾಲ ಆರಕ್ಕೆ ಫೋನು ಬಂತು. ಹೆಣ್ಣು ದನಿ. ಹಿಂದೆ ಗಡಿಯಾರದ ಸದ್ದಿಲ್ಲ.

"ಅಪ್ಪ ಬೆಳಿಗ್ಗೆ ಹೋದ್ರು. ಆ ಬಾಗಿಲ ಹಿಂದೆ ಏನಿತ್ತು ಅಂತ ಕೇಳು ಅಂದಿದ್ರು. ಅದನ್ನ ಕೇಳೋಕೆ ಮಾಡಿದೆ."

ಕೋಣೆಯಲ್ಲಿ ಎಲ್ಲರೂ ಭಾವನ ಮುಖ ನೋಡ್ತಿದ್ರು. ನಿಜ ಹೇಳಬೇಕಂದ್ರೆ ಆ ಬಾಗಿಲ ಹಿಂದೆ ಏನೂ ಇರಲಿಲ್ಲ. ಫ್ಲಾಪಿಯಲ್ಲಿ ಜಾಗ ಮುಗಿದುಹೋಗಿ ಒಂದು ಮಂಚ, ಒಂದು ದೀಪ ಬರೆದು ಬಿಟ್ಟಿದ್ರು. ಅದನ್ನ ಹೇಳೋಕೆ ನಾಚಿಕೆಯೋ, ನಾಲ್ಕು ಜನರ ಮುಂದೆ ಗತ್ತೋ...

"ಆಡಿ ನೋಡಿ," ಅಂದ್ರು ಭಾವ.

"ಆಯ್ತು. ಅಪ್ಪನಿಗೆ ಹೇಳ್ತೀನಿ," ಅಂತ ಇಟ್ಟುಬಿಟ್ಟಳು.

ಅದಾಗಿ ಇಪ್ಪತ್ತು ದಿನಕ್ಕೆ ನಾನು ಹೇಳ್ತಿರೋ ರಾತ್ರಿ.

ಭಾವ ಬಾವಿ ದಾಟಿ ಓಡಿದ್ರು. ಹಿಂದೆ ಫೋನು ನಿಂತಿತು. ಮನೆಯ ಗೇಟಿಗೆ ಬಂದು ಚಿಲಕ ಎತ್ತಿದ್ರು. ಟಕ್ ಅಂತು. ತಳ್ಳಿದ್ರು. ಗೇಟು ಅಲುಗಲಿಲ್ಲ. ಎಳೆದ್ರು. ಇಲ್ಲ. ಭುಜ ಕೊಟ್ಟು ನೂಕಿದ್ರು. ಬಂಡೆ. ಎದೆಯೆತ್ತರದ ತಗಡಿನ ಗೇಟದು, ಬೆಕ್ಕು ಮೈ ಉಜ್ಜಿದ್ರೂ ತೆರೆದುಕೊಳ್ಳೋದು.

"ಲೇ... ಬಾಗಿಲು ತೆಗಿಯೇ," ಅಂತ ಅಕ್ಕನ್ನ ಕೂಗಿದ್ರು.

ಬಾಯಿ ಅಲ್ಲಾಡಿತು, ದನಿ ಹೊರಬರಲಿಲ್ಲ. ಬದಲಿಗೆ ಬೆನ್ನ ಹಿಂದೆ ಯಾರೋ ಪಿಸುಗುಟ್ಟಿದರು.

"ಅದು ಕೆಲಸಕ್ಕೆ ಬರಲ್ಲ."

ತಿರುಗಿ ನೋಡಿದ್ರೆ ಬೀದಿ ಖಾಲಿ. ಆದರೆ ದನಿ... ಆ ದನಿ ಭಾವನದೇ. ಫೋನಿನಲ್ಲಿ ಮಾತಾಡೋವಾಗ ಬರ್ತಿತ್ತಲ್ಲ, ಸ್ವಲ್ಪ ಮೂಗು, ಸ್ವಲ್ಪ ನಗು, ಅದೇ.

ಕಾಂಪೌಂಡ್ ಗೋಡೆ ಹತ್ತಿದ್ರು. ಮೊಣಕಾಲು ತರಚಿತು. ಒಳಗೆ ಧುಮುಕಿದ್ರು. ಕಾಲು ಊರಿದ್ದು ಬೀದಿಯಲ್ಲೇ, ಗೇಟಿನ ಹೊರಗೆ.

"ಅದು ಕೆಲಸಕ್ಕೆ ಬರಲ್ಲ."

ಜೇಬಲ್ಲಿದ್ದ ಕೀಲಿ ತೆಗೆದು ಸಂದಿಗೆ ತೂರಿಸಿದ್ರು. ಪೆನ್ನು ತೂರಿಸಿದ್ರು. ಬೆಲ್ಟಿನ ಬಕಲು. ಬಾಚಣಿಗೆ. ಕೊನೆಗೆ ಬೀದಿಯ ಕಲ್ಲು ಎತ್ತಿ ಕುಟ್ಟಿದ್ರು. ತಗಡಿಗೆ ಕಲ್ಲು ಬಡಿದ್ರೂ ಠಣ್ ಅನ್ನಲಿಲ್ಲ, ಹತ್ತಿಗೆ ಬಡಿದ ಹಾಗೆ. ಪ್ರತಿ ಸಲವೂ ಅದೇ ಮಾತು, ಅದೇ ತಾಳ್ಮೆ. ಪಕ್ಕದ ಮನೆಯ ಬಾಗಿಲು ತಟ್ಟಿದ್ರು. ಕೈ ನೋವಾಯ್ತು, ಸದ್ದಾಗಲಿಲ್ಲ.

ಆಗ ಪಿನ್ನು ನೆನಪಾಯ್ತು.

ಬಾವಿಯ ಕಡೆ ಓಡಿದ್ರು. ಗಲ್ಲಿಯ ಮೂಲೆ ತಿರುಗಿದ್ರು... ಎದುರಿಗೆ ತಮ್ಮದೇ ಗೇಟು. ಮತ್ತೆ ಓಡಿದ್ರು. ಮತ್ತೆ ಗೇಟು. ಆರು ಸಲವೋ ಏಳು ಸಲವೋ. ಬಾವಿಗೆ ಹೋಗೋ ದಾರಿಯೇ ಇರಲಿಲ್ಲ. ಅವರಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಸೇತುವೆ ಮುರಿಯೋ ಹಾಗೆ ಬರೆದೋರು ಅವರೇ ತಾನೆ.

ಗೇಟಿನ ಮೇಲಿಂದ ಅಮ್ಮನ ಕೋಣೆಯ ಕಿಟಕಿ ಕಾಣುತ್ತೆ. ಪರದೆ ಸರಿದಿತ್ತು. ದೀಪ ಉರೀತಿತ್ತು. ಅಮ್ಮ ದಿಂಬಿಗೆ ಒರಗಿದ್ರು. ಅಕ್ಕ ಚಮಚದಲ್ಲಿ ನೀರು ಕುಡಿಸ್ತಿದ್ದಳು. ಮಂಚದ ಪಕ್ಕ ಕುರ್ಚಿಯಲ್ಲಿ ಯಾರೋ ಕೂತಿದ್ರು, ಕಿಟಕಿಗೆ ಬೆನ್ನು ಹಾಕಿ. ಅಮ್ಮನ ಕೈ ಅವರ ಕೈಯಲ್ಲಿತ್ತು. ಮೈಮೇಲೆ ನೀಲಿ ಗೆರೆಯ ಅಂಗಿ.

ಭಾವ ತಮ್ಮ ಎದೆ ನೋಡ್ಕೊಂಡ್ರು. ನೀಲಿ ಗೆರೆಯ ಅಂಗಿ.

ಅಕ್ಕ ಎದ್ದು ಹೊರಗೆ ಹೋದಳು. ಅಮ್ಮ ಕುರ್ಚಿಯವರ ಕಡೆ ಮುಖ ತಿರುಗಿಸಿ ತುಟಿ ಆಡಿಸಿದ್ರು. ಕುರ್ಚಿಯವರು ಬಗ್ಗಿ ಕಿವಿ ಕೊಟ್ಟರು. ಅಮ್ಮ ಹೇಳ್ತಾನೇ ಇದ್ರು. ನಡುವೆ ಒಮ್ಮೆ ಅತ್ತರು, ಒಮ್ಮೆ ನಕ್ಕರು. ಆ ಬೆನ್ನು ಮಾತ್ರ ಕದಲಲಿಲ್ಲ.

ಭಾವ ಗೇಟಿಗೆ ಹಣೆ ಒತ್ತಿ ಕುಸಿದ್ರು. "ದಮ್ಮಯ್ಯ," ಅಂದ್ರು. ಈ ಸಲ ದನಿ ಬಂತು, ಕೀರಲಾಗಿ. "ದಮ್ಮಯ್ಯ... ಹೇಗೆ ತೆಗೆಯೋದು ಅಂತ ಹೇಳಿ. ಅದು ನನ್ನ ಅಮ್ಮ. ಹೊತ್ತಿಲ್ಲ."

ಕಿವಿಯ ಪಕ್ಕದಲ್ಲೇ, ಮೆತ್ತಗೆ...

"ಇನ್ನೊಂದು ಸಲ ನೋಡಿ."

ನೋಡಿದ್ರು. ಬೇರೇನು ಮಾಡೋಕಾಗುತ್ತೆ? ರಾತ್ರಿಯೆಲ್ಲಾ ನಿಂತು ನೋಡಿದ್ರು. ನಾಲ್ಕು ಗಂಟೆ ಹೊತ್ತಿಗೆ ಅಮ್ಮನ ತಲೆ ಪಕ್ಕಕ್ಕೆ ವಾಲಿತು. ಕುರ್ಚಿಯವರು ಅವರ ಕಣ್ಣು ಮುಚ್ಚಿ, ಹೊದಿಕೆ ಸರಿಮಾಡಿ, ದೀಪ ಆರಿಸಿದ್ರು.

ಬೆಳಕು ಹರಿಯೋವಾಗ ಪೇಪರ್ ಹಾಕೋರು ಬಂದ್ರು. "ಏನ್ ಸಾರ್, ಇಲ್ಲಿ ನಿಂತಿದ್ದೀರಿ?" ಅಂತ ಒಂದು ಬೆರಳಲ್ಲಿ ಗೇಟು ತಳ್ಳಿದ್ರು. ಕಿರ್... ಅಂತ ತೆರೆದುಕೊಳ್ತು.

ಭಾವ ಒಳಗೆ ಓಡಿದ್ರು. ಅಕ್ಕ ನಡುಮನೆಯಲ್ಲಿ ಕೂತಿದ್ದಳು, ಅತ್ತು ಕಣ್ಣು ಊದಿತ್ತು. ಇವರನ್ನ ನೋಡಿ ಬೆಚ್ಚಿದಳು.

"ಯಾವಾಗ ಹೊರಗೆ ಹೋದ್ರಿ? ಈಗ ತಾನೆ ಒಳಗಿದ್ರಲ್ಲ."

"ನಾನು ಬಂದೇ ಇಲ್ಲ," ಅಂದ್ರು ಭಾವ. "ಈಗ ಬರ್ತಿದ್ದೀನಿ."

"ಏನು ಮಾತು ಅಂತ ಆಡ್ತೀರಿ. ಹತ್ತೂವರೆಗೆ ಬಂದ್ರಿ. ಕಾಲು ಜೋಮು ಹಿಡಿದಿದೆ, ಎತ್ತಿಡೋಕಾಗ್ತಿಲ್ಲ ಅಂದ್ರಿ. ನಾನೇ ತೋಳು ಹಿಡಿದು ಕುರ್ಚಿವರೆಗೂ ಕರ್ಕೊಂಡು ಹೋದೆ. ಮೈ ಎಷ್ಟು ತಣ್ಣಗಿತ್ತು..."

ಭಾವ ಗೋಡೆ ಹಿಡ್ಕೊಂಡ್ರು. "ಅಮ್ಮ ಏನು ಹೇಳಿದ್ಲು?"

"ನನ್ನ ಕೇಳ್ತೀರಾ? ಸೊಸೆ ಹೊರಗೆ ಹೋಗಲಿ ಅಂದ್ರು, ಹೋದೆ. ನಿಮ್ಮ ಕಿವಿಯಲ್ಲೇ ತಾನೆ ಹೇಳಿದ್ದು."

ಹದಿನೈದು ದಿನ ಕಳೆದ ಮೇಲೆ ಭಾವ ವಿಳಾಸ ಹುಡುಕ್ಕೊಂಡು ವಾಚು ರಿಪೇರಿಯವರ ಊರಿಗೆ, ಅವರ ಮನೆಗೆ ಹೋದ್ರು. ಮಗಳು ಬಾಗಿಲು ಅರ್ಧ ತೆಗೆದಳು. ಇವರು ಯಾರು ಅಂತ ಹೇಳಿದ್ರು. ಆಮೇಲೆ, "ಆ ಬಾಗಿಲ ಹಿಂದೆ ಏನೂ ಇರಲಿಲ್ಲಮ್ಮ. ಒಂದು ಮಂಚ, ಒಂದು ದೀಪ, ಅಷ್ಟೇ," ಅಂದ್ರು.

"ಗೊತ್ತು," ಅಂದಳು. "ಅಪ್ಪ ಹೇಳಿದ್ರು."

"ಮತ್ತೆ... ನಮ್ಮಮ್ಮ ಏನು ಹೇಳಿದ್ಲು ಅಂತ... ಅದನ್ನೂ ಹೇಳಿದ್ರಾ?"

ಅವಳು ಇವರನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಬಾಗಿಲು ಮುಚ್ಚಿದಳು. ಒಳಗಿಂದ ಚಿಲಕ ಬಿದ್ದ ಸದ್ದು ಕೇಳಿಸ್ತು.

ಭಾವ ಆ ಕೆಲಸ ಬಿಟ್ಟರು. ಆಟದ ಮಾತೆತ್ತಿದ್ರೆ ಎದ್ದು ಹೋಗ್ತಾರೆ. ಈಗಲೂ ಆ ಊರಿನ ಕಡೆ ಹೋದಾಗಲೆಲ್ಲ ಆ ಮಗಳ ಮನೆಯ ಮುಂದೆ ಒಂದು ಗಳಿಗೆ ನಿಂತು ಬರ್ತಾರಂತೆ. ಬಾಗಿಲು ತೆಗೆದಿಲ್ಲ.

ಕೆಲವರು ಅಂತಾರೆ, ತಾಯಿ ಹೋದ ದುಃಖಕ್ಕೆ ತಲೆ ಕೆಟ್ಟಿತ್ತು, ರಾತ್ರಿಯೆಲ್ಲಾ ಒಳಗೇ ಕೂತಿದ್ದು ಮರೆತುಬಿಟ್ಟಿದ್ದಾರೆ ಅಂತ. ಅನ್ನಲಿ. ಸುದ್ದಿ ಕೇಳಿ ಆವತ್ತು ಬೆಳಿಗ್ಗೆ ಮೊದಲು ಆ ಮನೆಗೆ ಹೋದೋನು ನಾನು. ಅಮ್ಮನ ಕೋಣೆಗೆ ಹೋದೆ. ತಲೆದೆಸೆಯ ಸ್ಟೂಲಿನ ಮೇಲೆ ಅವರ ಅಲಾರಂ ಗಡಿಯಾರ ಬೆನ್ನು ಬಿಚ್ಚಿ ಮಲಗಿತ್ತು. ಪಕ್ಕದಲ್ಲಿ ಒಂದು ಟೀ ಸಾಸರು. ಅದರಲ್ಲಿ ಗಡಿಯಾರದ ಸ್ಕ್ರೂಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದ್ದವು. ಕೊನೆಯದು ಸಾಸಿವೆಗಿಂತ ಚಿಕ್ಕದು. ಅಷ್ಟು ಸಣ್ಣ ಸ್ಕ್ರೂ ಡ್ರೈವರು ಆ ಮನೆಯಲ್ಲಿ ಯಾವತ್ತೂ ಇರಲಿಲ್ಲ, ಅಕ್ಕನ್ನ ಬೇಕಾದ್ರೆ ಕೇಳಿ. ಒಂಬತ್ತು ಸ್ಕ್ರೂ. ನಾನೇ ಎಣಿಸಿದೆ.