ಇಟಲಿಯಿಂದ ಬಂದ ಮೂರು ಅಂಕ

ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಮಾಲ್ಟಾ ಕೊನೆಯ ಸ್ಥಾನಕ್ಕೆ ಬಿದ್ದ ಮರುದಿನ ಬೆಳಿಗ್ಗೆ, ಅಲ್ಲಿನ ಹಮ್ರೂನ್ ಪಟ್ಟಣದಲ್ಲಿ ಪಸ್ತಿತ್ಸಿ ಎಂಬ ಗರಿಗರಿ ಗಿಣ್ಣಿನ ತಿಂಡಿ ಮಾರುವ ಅಂಗಡಿಯ ಮುಂದೆ ನಿಂತಿದ್ದ ಇಬ್ಬರು ನೆರೆಯವರ ಮಾತು ಸಾಲಿಗೆಲ್ಲ ಕೇಳಿಸುತ್ತಿತ್ತು.

"ನನ್ನ ಮಗಳನ್ನ ಬಿಟ್ಟು ಆ ರೋಮಿನಾನ ಹಾಡೋಕೆ ಕಳಿಸಿದ್ರಲ್ಲ, ಅನುಭವಿಸಲಿ!" ಎಂದಳು ಕರ್ಮೇನಾ.

"ಇಟಲಿಯ ಜನ ಮೂರು ಅಂಕ ಕೊಟ್ಟಿದ್ದಾರೆ ಕಣೇ," ಎಂದಳು ಡೋರಿಸ್.

"ಯಾವ ಕಿವುಡರು ಕೊಟ್ರೋ!"

"ನಿನ್ನ ಮಗಳೇ ಕೊಡಿಸಿದ್ದು. ನಾವು ಇಲ್ಲಿಂದ ನಮ್ಮ ದೇಶಕ್ಕೇ ವೋಟು ಹಾಕೋ ಹಾಗಿಲ್ವಲ್ಲ. ಅದಕ್ಕೇ ಇಟಲಿಯ ಕತಾನಿಯಾದಲ್ಲಿರೋ ನಮ್ಮವರನ್ನೆಲ್ಲ ಸೇರಿಸಿ ರೋಮಿನಾಗೆ ಹಾಕಿಸಿದಳಂತೆ."

"ನಮ್ಮ ಗ್ರೇಸಿಯೆಲ್ಲಾನಾ? ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಸುಮ್ನೆ ಬಿಡ್ತಿದ್ಯಾ?"

ಅಂಗಡಿಯವನು ಎಷ್ಟು ಬೇಕೆಂದು ಕೇಳಿದ.

"ಆ ರೋಮಿನಾಗಿಂತ ನನ್ನ ಮಗಳೇ ಚೆನ್ನಾಗಿ ಹಾಡ್ತಾಳೆ, ಗೊತ್ತಾ?" ಎಂದು ಅವನಿಗೇ ಹೇಳಿ, ಕರ್ಮೇನಾ ಏನೂ ಕೊಳ್ಳದೆ ಸಾಲು ಬಿಟ್ಟು ನಡೆದಳು.